ಹೊಸ್ತಿಲ ಆಚೆ ನಿಂತ ಪಾಸ್ತೋರಾ

ಬ್ರ್ಯಾಂಪ್ಟನ್: ಕೆಳಗಿನ ಸದ್ದು

ಕೆನಡಾಕ್ಕೆ ಹೋಗಿ ಬಂದೆ ಎಂದರೆ ಸಾಕು, ಧಾರವಾಡದಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ನಯಾಗರ ನೋಡಿದ್ರೇನು? ನೋಡಿದೆ. ನೀರು ಜೋರಾಗಿ ಬೀಳುತ್ತಿತ್ತು. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನನ್ನಿಂದ ಅದಕ್ಕೆ ಆಗಬೇಕಾದ್ದೇನೂ ಇಲ್ಲ. ನನ್ನ ಕಣ್ಣಿಗೆ ಇವತ್ತಿಗೂ ಕಟ್ಟಿರುವುದು ಬೇರೆಯೇ ಒಂದು ಚಿತ್ರ. ತೆರೆದ ಬಾಗಿಲು, ಅದರಾಚೆ ಡೋರ್‌ಮ್ಯಾಟಿನ ಮೇಲೆ ಕದಲದೆ ನಿಂತ ಒಬ್ಬ ಗಿಡ್ಡ ಹೆಂಗಸು, ಬಾಗಿಲ ಒಳಗೆ ನನ್ನ ಬಾಯಿ ಮಾಡಿಟ್ಟ ಅನಾಹುತ. ಅದನ್ನೇ ಹೇಳುತ್ತೇನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಎದುರಿಗಿದ್ದವರ ತಪ್ಪು ತಿದ್ದದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಇದು ದುರ್ಗುಣ ಎಂದು ಗೊತ್ತಿದೆ, ಬಿಡಲು ಆಗಿಲ್ಲ. ಮಾರ್ಚ್ ತಿಂಗಳಲ್ಲಿ ತಂಗಿಯ ಮಗಳು ಗೀತಾಳ ಮನೆಗೆಂದು ಬ್ರ್ಯಾಂಪ್ಟನ್ನಿಗೆ ಹೋದೆ. ಗೀತಾ ಒಂದು ಟ್ರಕ್ ಕಂಪನಿಯಲ್ಲಿ ಕೂತು ಯಾವ ಗಾಡಿ ಎಲ್ಲಿಗೆ ಹೋಗಬೇಕೆಂದು ಫೋನಿನಲ್ಲಿ ಅಪ್ಪಣೆ ಕೊಡುವವಳು. ಮನೆಯಲ್ಲೂ ಅದೇ ದನಿ.

ಮೊದಲ ಬೆಳಿಗ್ಗೆ ನನಗೆ ಎಚ್ಚರವಾದದ್ದು ರೊಟ್ಟಿ ಬಡಿಯುವ ಸದ್ದಿಗೆ. ತಪ ತಪ ತಪ, ಒಂದು ಕ್ಷಣ ಬಿಟ್ಟು ಮತ್ತೆ ತಪ ತಪ. ವಿಮಾನದ ಮಂಪರಿನಲ್ಲಿ ನಮ್ಮ ಮನೆಯಲ್ಲೇ ಇದ್ದೇನೆ ಅಂದುಕೊಂಡೆ. ಆದರೆ ಸದ್ದು ಬರುತ್ತಿದ್ದದ್ದು ನೆಲದ ಕೆಳಗಿನಿಂದ.

"ಗೀತಾ, ಕೆಳಗ ಯಾರವಾ ರೊಟ್ಟಿ ಬಡ್ಯಾಕತ್ತಾರ?"

"ನಮ್ಮ ಟೆನಂಟು, ದೊಡ್ಡವ್ವ. ಬೇಸ್‌ಮೆಂಟಿನ್ಯಾಗ ಇರ್ತಾಳ. ಪಾಸ್ಟರು. ಗ್ವಾಟೆಮಾಲಾದಾಕಿ."

"ಹೆಂಗಸು ಪಾದ್ರಿ?"

"ಹೌದು. ಸುಮ್ಮ ಕುಂದ್ರು. ಹೋಗಿ ಆಕಿಗೆ ಕ್ವೆಶ್ಚನ್ ಕೇಳಬ್ಯಾಡ, ಪ್ಲೀಸ್."

ಹೋಗಿ ಕೇಳಿದೆ. ಕೆಳಗಿನ ಸಣ್ಣ ಅಡುಗೆಮನೆಯಲ್ಲಿ ಆಕೆ ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಎರಡು ಅಂಗೈಗಳ ನಡುವೆ ತಿರುಗಿಸಿ ತಟ್ಟುತ್ತಿದ್ದರು. ಕೊರಳಲ್ಲಿ ಪಾದ್ರಿಗಳ ಬಿಳಿ ಪಟ್ಟಿ, ಅದರ ಮೇಲೆ ರಸ್ತೆ ಕೆಲಸದವರ ಕಿತ್ತಳೆ ಬಣ್ಣದ ಮೇಲಂಗಿ. ವಯಸ್ಸು ಐವತ್ತರ ಆಸುಪಾಸು. ಹೆಸರು ಮಾರ್ತಾ, ಆದರೆ ಎಲ್ಲರೂ ಕರೆಯುವುದು ಪಾಸ್ತೋರಾ ಎಂದು, ಅಂದರೆ ಅವರ ಸ್ಪ್ಯಾನಿಷ್‌ನಲ್ಲಿ ಹೆಂಗಸು ಪಾದ್ರಿ. ನಾವಿಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲಿ, ಇಬ್ಬರದೂ ಕಲಿತ ಇಂಗ್ಲಿಷು. ರೊಟ್ಟಿಯ ಅಂಚು ಬಿರಿಯುತ್ತಿದೆ, ನೀರು ಸಾಲದು ಎಂದು ಮೊದಲ ಐದು ನಿಮಿಷದಲ್ಲೇ ತಿದ್ದಿದೆ. ಆಕೆ ನಕ್ಕು ಹಿಟ್ಟನ್ನು ನನ್ನ ಕೈಗೇ ಕೊಟ್ಟರು. ನನ್ನದು ಅವರದಕ್ಕಿಂತ ಹೆಚ್ಚು ಬಿರಿಯಿತು. ಮೆಕ್ಕೆಜೋಳದ ಸ್ವಭಾವವೇ ಬೇರೆ ಎಂದು ಆ ದಿನ ಒಪ್ಪಿಕೊಂಡೆ.

ಬ್ರ್ಯಾಂಪ್ಟನ್: ಬಟ್ಟೆ ಒಗೆಯುವ ಅಂಗಡಿ

ಭಾನುವಾರ ಅವರ ಪ್ರಾರ್ಥನೆಗೆ ನನ್ನನ್ನೂ ಕರೆದರು. ಚರ್ಚೆಂದರೆ ಗೋಪುರ, ಗಂಟೆ, ಬಣ್ಣದ ಗಾಜು ಇರುತ್ತದೆಂದು ರೇಷ್ಮೆ ಸೀರೆ ಉಟ್ಟೆ. ಅವರ ವ್ಯಾನು ನಿಂತದ್ದು ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿಯ ಮುಂದೆ. ಮಷಿನ್ನುಗಳು ಗರಗರ ತಿರುಗುತ್ತಿದ್ದವು. ಅವುಗಳ ನಡುವೆ ಇಪ್ಪತ್ತು ಮಂದಿ, ಹೆಚ್ಚಿನವರು ಗೋದಾಮುಗಳಲ್ಲಿ ಪೆಟ್ಟಿಗೆ ಎತ್ತುವವರು, ಸ್ಪ್ಯಾನಿಷ್‌ನಲ್ಲಿ ಹಾಡುತ್ತಿದ್ದರು. ಬಟ್ಟೆ ಒಣಗುವುದನ್ನು ಕಾಯುತ್ತಿದ್ದ ಒಬ್ಬ ಪಂಜಾಬಿ ಹೆಂಗಸು ಕೂತಲ್ಲೇ ತಾಳ ಹಾಕುತ್ತಿದ್ದಳು. ನಾನು ಸುಮ್ಮನಿರಲಾರದೆ ನನ್ನ ಉಣ್ಣೆ ಸ್ವೆಟರನ್ನೂ ಒಂದು ಮಷಿನ್ನಿಗೆ ಹಾಕಿದೆ. ಹೊರಗೆ ಬಂದಾಗ ಅದು ಗೊಂಬೆಯ ಅಳತೆಗೆ ಇಳಿದಿತ್ತು.

"ಇಲ್ಲಿ ಯಾಕೆ?" ಎಂದು ಕೇಳಿದೆ.

"ಜನ ಎಲ್ಲಿ ಕಾಯುತ್ತಾರೋ ಅಲ್ಲಿ," ಎಂದರು ಮಾರ್ತಾ. "ಎಲ್ಲರಿಗೂ ಎಲ್ಲಾದರೂ ಒಂದು ಕಡೆ ಕಾಯುವುದಿರುತ್ತದೆ. ನಾನು ಹೋಗಿ ಅವರ ಜೊತೆ ಕಾಯುತ್ತೇನೆ. ಕೆಲವು ವಾರಗಳಲ್ಲಿ ಅದು ಸಭೆಯಾಗುತ್ತದೆ."

ಇದನ್ನು ಅವರು ಚರ್ಚ್ ನೆಡುವುದು ಅನ್ನುತ್ತಾರೆ. ನಮ್ಮಲ್ಲಿ ಮೊದಲು ಕಟ್ಟಡಕ್ಕೆ ಚಂದಾ ಎತ್ತಿ, ಅಧ್ಯಕ್ಷರು ಯಾರೆಂದು ಜಗಳಾಡಿ, ಆಮೇಲೆ ಭಕ್ತರನ್ನು ಹುಡುಕುತ್ತೇವೆ. ಇವರು ಐದು ಕಡೆ ನೆಟ್ಟಿದ್ದರು, ಐದರಲ್ಲಿ ಒಂದಕ್ಕೂ ಸ್ವಂತ ಕುರ್ಚಿ ಇರಲಿಲ್ಲ. ಒಂದು ಸಭೆ ಕಾಲೂರಿದ ಕೂಡಲೇ ಅದರೊಳಗಿನ ಯಾರೋ ಒಬ್ಬರ ಕೈಗೆ ಒಪ್ಪಿಸಿ ತಾವು ಮುಂದಿನ ಕಡೆ ಹೋಗುವುದು ಅವರ ಪದ್ಧತಿ. ಕೆಲಸದ ಜಾಗದಲ್ಲಿ ಅನ್ಯಾಯ ಎಂದು ಯಾರಾದರೂ ಹೇಳಿದರೆ ಅಲ್ಲಿಗೂ ಹೋಗುತ್ತಾರೆ, ಆದರೆ ಕೂಗಾಡುವುದಿಲ್ಲ. ಒಂದು ಗೋದಾಮಿನಲ್ಲಿ ಕೆಲಸದವರನ್ನು ಹೊತ್ತಿಗೆ ಸರಿಯಾಗಿ ಪಾಯಖಾನೆಗೂ ಬಿಡುತ್ತಿರಲಿಲ್ಲವಂತೆ. ಇವರು ಗೇಟಿನ ಹೊರಗೆ ಕಾಫಿ ಹಿಡಿದು ದಿನಾ ಶಿಫ್ಟಿನ ಹೊತ್ತಿಗೆ ನಿಂತರು. ಚಳಿಗಾಲ ಮುಗಿಯುವ ಹೊತ್ತಿಗೆ ಮ್ಯಾನೇಜರೇ ಹೊರಗೆ ಬಂದು ಏನು ಬೇಕೆಂದು ಕೇಳಿದನಂತೆ.

ಅವರ ಜೇಬಿನಲ್ಲಿ ಸದಾ ಒಂದು ನೋಟ್‌ಬುಕ್. ಅದರಲ್ಲಿ ಬರೀ ಹೆಸರುಗಳು, ಸಾಲಿಗೆ ಒಂದು. "ಹೆಸರು ಬರೆದ ಮೇಲೆ ಅವರ ಬಾಗಿಲಿಗೆ ಹೋಗಿ ನಿಲ್ಲಲೇಬೇಕು. ಅದಕ್ಕೇ ಸುಮ್ಮನೆ ಬರೆಯುವುದಿಲ್ಲ," ಎಂದರು. ಇಂಥ ಶಿಸ್ತು ನನಗೆ ಹಿಡಿಸಿತು. ದೇವರ ವಿಷಯದಲ್ಲಿ ನಮ್ಮಿಬ್ಬರಿಗೂ ಹೊಂದುವುದಿಲ್ಲ ಎಂದು ಹೇಳಿಬಿಟ್ಟೆ. ಅದು ಅವರಿಗೆ ಅಷ್ಟು ದೊಡ್ಡ ಸುದ್ದಿ ಅನ್ನಿಸಲಿಲ್ಲ.

ಸ್ಟೌಫ್‌ವಿಲ್: ಊಟ

ನನ್ನ ಯಜಮಾನರ ಬಾಲ್ಯದ ಗೆಳೆಯರೊಬ್ಬರು ಸ್ಟೌಫ್‌ವಿಲ್ಲಿನಲ್ಲಿದ್ದಾರೆ. ಬಹಳ ಹಿಂದೆ ಬಂದು ನೆಲೆಸಿದ ಡಾಕ್ಟರು, ಈಗ ನಿವೃತ್ತರು, ಅಲ್ಲಿನ ಕನ್ನಡದವರಿಗೆಲ್ಲ ಹಿರಿಯಣ್ಣ. ಹೆಸರು ಬರೆಯುವುದಿಲ್ಲ, ಡಾಕ್ಟರು ಎಂದರೆ ಸಾಕು. ಯಜಮಾನರು ತೀರಿಕೊಂಡಾಗ ಅಷ್ಟು ದೂರದಿಂದ ಹಾರಿ ಬಂದು ನನ್ನ ಪಕ್ಕ ನಿಂತವರು. ಇದನ್ನು ಮರೆತು ಮುಂದಿನದನ್ನು ಬರೆಯಲಾರೆ.

ಯೂನಿಯನ್ ಸ್ಟೇಷನ್ನಿನಿಂದ ರೈಲಿನಲ್ಲಿ ಹೋದೆ. ಅವರೇ ಸ್ಟೇಷನ್ನಿಗೆ ಬಂದಿದ್ದರು. ಹೊಸ ಬಡಾವಣೆ, ಒಂದೇ ಅಚ್ಚಿನ ಮನೆಗಳು, ಗೇಟಿನ ಪಕ್ಕ ಕರಗದೆ ಕಪ್ಪಾದ ಹಿಮದ ಗುಡ್ಡೆ. ಮನೆಯೊಳಗೆ ಕಾಲಿಟ್ಟರೆ ಮತ್ತೆ ಅದೇ ತಪ ತಪ. ಈ ಸಲ ನಿಜವಾದ ಜೋಳದ ರೊಟ್ಟಿ.

ಡಾಕ್ಟರ ಹೆಂಡತಿಯನ್ನು ನಾನು ಕರೆಯುವುದು ವೈನಿ ಎಂದು. ಮೆತ್ತನೆ ಮಾತಿನವರು, ಗಂಡ ಮಾತಾಡುವಾಗ ನೆಲ ನೋಡುವವರು. ಮಹಡಿಯ ಮೇಲಿನ ದೇವರ ಕೋಣೆಯನ್ನು ಡಾಕ್ಟರು ಹೆಮ್ಮೆಯಿಂದ ತೋರಿಸಿದರು. ದೇವರನ್ನಿಟ್ಟ ಜಗಲಿಯ ಕೆಳಗೆ ಬೀಗದ ಕಪಾಟು.

"ಬೆಳ್ಳಿ ಸಾಮಾನು, ಪಾಸ್‌ಪೋರ್ಟು, ಮನೀ ಪೇಪರ್ಸು, ಎಲ್ಲಾ ಇಲ್ಲೇ. ದೇವರಕಿಂತ ಛಲೋ ಸೆಕ್ಯುರಿಟಿ ಯಾವುದೈತಿ, ಸರೋಜಾ?" ಎಂದು ನಕ್ಕರು.

"ನನ್ನ ಪಾಸ್‌ಪೋರ್ಟಿನ ಫೋಟೋ ಹೆಂಗೈತಿ ಅನ್ನೂದು ಮರತ ಬಿಟ್ಟೀನಿ," ಎಂದು ವೈನಿಯೂ ನಕ್ಕರು. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ. ತವರು ಬಿಟ್ಟು ಬಂದ ಮೇಲೆ ಒಂದು ಸಲವೂ ತಮಗೆ ಯಾರೂ ಉಡಿ ತುಂಬಿಲ್ಲ ಎಂದೂ ಹೇಳಿದರು. "ಇಲ್ಲಿ ಯಾರು ತುಂಬ್ತಾರ್ರೀ? ನಾ ಯಾವಾಗ ಎಲ್ಲಿಗೆ ಹೋಗ್ತೀನಿ ಅಂತ?"

ರೊಟ್ಟಿ ಬಡಿಯುತ್ತಿದ್ದವಳು ಶಾಂತವ್ವ, ಗದಗ ಸೀಮೆಯವಳು, ನಲವತ್ತರ ಹೆಂಗಸು. ಡಾಕ್ಟರ ತಾಯಿಯನ್ನು ನೋಡಿಕೊಳ್ಳಲು ಬಂದಿದ್ದಳು. ಆ ಮುದುಕಿ ಹೋದ ವರ್ಷ ತೀರಿಕೊಂಡ ಮೇಲೂ ಉಳಿದು ಅಡುಗೆ, ಕಸ, ಬಟ್ಟೆ ಎಲ್ಲ ಮಾಡುತ್ತಿದ್ದಳು. "ಮನೀ ಮಗಳಿದ್ದಂಗ," ಎಂದರು ಡಾಕ್ಟರು. ಮನೆಯ ಮಗಳು ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ. ಅದನ್ನು ಗಮನಿಸಿದೆ, ಹೋಳಿಗೆಯ ಮುಂದೆ ಮರೆತೆ.

ಕೈ ತೊಳೆಯಲು ಹೋದಾಗ ಶಾಂತವ್ವ ನಲ್ಲಿ ಜೋರಾಗಿ ಬಿಟ್ಟು ಹತ್ತಿರ ಬಂದಳು.

"ಅಕ್ಕಾರ, ಒಂದ ಫೋನ್ ಹಚ್ಚಿ ಕೊಡ್ರಿ. ಮಗಳ ಜೋಡಿ ಮಾತಾಡಿ ಎರಡ ತಿಂಗಳಾತು. ನನ್ನ ಫೋನು ಕೆಟ್ಟೈತಿ ಅಂತ ಸಾಹೇಬ್ರು ಇಸಕೊಂಡಾರ, ಹೊಳ್ಳಿ ಕೊಟ್ಟಿಲ್ಲ."

"ಹೊರಗ ಹೋಗಿ ಮಾಡಬಾರದೇನ?"

"ಹೊರಗ ಒಬ್ಬಾಕಿನ ಬಿಡೂದಿಲ್ರಿ. ಪಾಸ್‌ಪೋರ್ಟ್ ಕೇಳಿದ್ರ, ನಿನಗ್ಯಾಕ ಬೇಕು ಅಂತಾರ. ನನಗ ಊರಿಗೆ ಹೋಗೂದ ಬ್ಯಾಡ್ರಿ ಅಕ್ಕಾರ. ಇಲ್ಲೇ ಬ್ಯಾರೆ ಕಡೆ ದುಡೀತೀನಿ. ಎರಡ ಹೆಣ್ಣಮಕ್ಕಳು ಕಾಲೇಜಿನ್ಯಾಗ ಅದಾವು. ನಾ ಬರಿಗೈಲೆ ಹ್ವಾದ್ರ ಅವನ್ನ ಬಿಡಿಸಿ ಮದಿವಿ ಮಾಡತಾರ."

ನನ್ನ ಫೋನಿನಿಂದ ಕರೆ ಹಚ್ಚಿಕೊಟ್ಟೆ. ಊರಿನಲ್ಲಿ ಆಗ ರಾತ್ರಿ, ಯಾರೂ ಎತ್ತಲಿಲ್ಲ. ಹೊರಗಿನಿಂದ ಡಾಕ್ಟರು "ಸರೋಜಾ, ಚಾ ಆರಾಕತ್ತೈತಿ" ಎಂದು ಕೂಗಿದರು. ಶಾಂತವ್ವ ನಲ್ಲಿ ನಿಲ್ಲಿಸಿ ಪಾತ್ರೆ ತಿಕ್ಕಲು ಶುರುಮಾಡಿದಳು. ನಾನು ಹೋಗಿ ಚಹಾ ಕುಡಿದೆ, ಚೆನ್ನಾಗಿದೆ ಎಂದೂ ಹೇಳಿದೆ.

ಬ್ರ್ಯಾಂಪ್ಟನ್: ನನ್ನ ಫೋನು

ಅಂದೇ ಸಂಜೆ ಎಲ್ಲವನ್ನೂ ಮಾರ್ತಾಗೆ ಹೇಳಿದೆ. ಅವರು ನೋಟ್‌ಬುಕ್ ತೆಗೆದು ನನ್ನಿಂದ ಉಚ್ಚಾರ ಕೇಳಿಕೊಂಡು ಶಾಂತವ್ವ ಎಂದು ಬರೆದರು. ಇನ್ನೊಬ್ಬರ ಪಾಸ್‌ಪೋರ್ಟು ಇಟ್ಟುಕೊಳ್ಳುವುದು ಇಲ್ಲಿ ಅಪರಾಧ ಎಂದರು. ಇಂಥ ಮನೆ ಬಿಟ್ಟು ಬಂದವರು ಬೇರೆ ಕಡೆ ದುಡಿಯಲು ಪರವಾನಗಿ ಕೇಳಬಹುದು ಎಂದೂ ಹೇಳಿದರು.

"ಹಾಗಾದರೆ ಪೊಲೀಸರನ್ನು ಕರೆಯಿರಿ."

"ಕರೆಯಬೇಕೋ ಬೇಡವೋ ಎಂದು ಆಕೆ ಹೇಳಬೇಕು. ನಾವು ಕೇಳಿಲ್ಲವಲ್ಲ. ಭಾನುವಾರ ಹೋಗಿ ಕೇಳುತ್ತೇನೆ. ಅಲ್ಲಿಯವರೆಗೆ ಆ ಮನೆಗೆ ಒಂದು ಮಾತೂ ಮುಟ್ಟಬಾರದು."

ತಲೆಯಾಡಿಸಿದೆ. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಯಜಮಾನರ ನೆನಪಾಗಿ ಸಂಕಟವಾಯಿತು. ಅವರ ಗೆಳೆಯನ ಮನೆಗೆ ಯಾರೋ ಪರದೇಶದ ಪಾದ್ರಿಯನ್ನು ಕರೆದುಕೊಂಡು ಹೋಗುವುದೇ? ಹಿರಿಯರು ಕೂತು ಎರಡು ಮಾತಾಡಿದರೆ ಬಗೆಹರಿಯದ್ದು ಏನಿದೆ? ನಮ್ಮ ಕಡೆ ಎಷ್ಟು ಜಗಳಗಳನ್ನು ಹೀಗೆ ಅಂಗಳದಲ್ಲೇ ಮುಗಿಸಿಲ್ಲ? ಡಾಕ್ಟರಿಗೆ ಫೋನು ಹಚ್ಚಿದೆ.

"ಅಣ್ಣಾರ, ಶಾಂತವ್ವನ ವಿಷಯ. ಆಕಿ ಪಾಸ್‌ಪೋರ್ಟು ಆಕಿಗೆ ಕೊಟ್ಟಬಿಡ್ರಿ. ಮನೀ ಮಾತು ಮನ್ಯಾಗ ಮುಗೀಲಿ."

ಅತ್ತ ಕಡೆ ಟಿವಿಯ ಸದ್ದು ನಿಂತಿತು. ಆಮೇಲೆ ಬಹಳ ಪ್ರೀತಿಯ ದನಿ. "ಹಂಗೇನ? ಪಾಪ, ನನಗ ಹೇಳಬಹುದಿತ್ತಲಾ ಆಕಿ. ಡೋಂಟ್ ವರಿ ಸರೋಜಾ, ನಾ ನೋಡತೀನಿ."

ಎಷ್ಟು ಸುಲಭ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಮಧ್ಯಾಹ್ನ ವೈನಿಯ ಫೋನು ಬಂತು. ಅವರು ನನಗೆ ತಾವಾಗಿ ಫೋನು ಮಾಡಿದ್ದು ಅದೇ ಮೊದಲು. "ಊರಿಗೆ ಏನರ ಕಳಸೂದಿದ್ರ ಕೊಡ್ರಿ. ಶಾಂತವ್ವ ಸೋಮವಾರ ಹೊಂಟಾಳ. ಟಿಕೆಟ್ ಆಗೇತಿ. ಇವ್ರ ಏರ್‌ಪೋರ್ಟಿಗೆ ಬಿಟ್ಟ ಬರ್ತಾರ."

ಊರಿಗೆ ಹೋಗುವವರು ಯಾರಿದ್ದರೂ ಅವರ ಪೆಟ್ಟಿಗೆಯಲ್ಲಿ ನಮ್ಮದೊಂದು ಗಂಟು ತುರುಕುವುದು ನಮ್ಮವರ ರೂಢಿ. ವೈನಿ ಅದಕ್ಕಷ್ಟೇ ಫೋನು ಮಾಡಿದರೋ, ಇಲ್ಲ ನನಗೆ ಸುದ್ದಿ ಮುಟ್ಟಲಿ ಎಂದೋ, ಆಗ ತಿಳಿಯಲಿಲ್ಲ. ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದು ಎಳೆದು ಮುದುಕಿಯಾದವಳು ನಾನು. ಈಗ ನಾನು ಮಾಡಿದ ತಪ್ಪಿಗೆ ಇನ್ನೊಬ್ಬಳು ವಿಮಾನ ಹತ್ತಬೇಕಿತ್ತು.

ಕೆಳಗೆ ಹೋಗಿ ಮಾರ್ತಾ ಎದುರು ನಿಂತು ಹೇಳಿದೆ. ಬೈಯಲಿ ಎಂದು ಕಾದೆ. ಅವರು ಒಲೆ ಆರಿಸಿ ಕೂತರು. ನೋಟ್‌ಬುಕ್ಕಿನ ಹಳೆಯ ಪುಟವೊಂದನ್ನು ತೆರೆದು ಒಂದು ಹೆಸರಿನ ಮೇಲೆ ಬೆರಳಿಟ್ಟರು.

"ಈತ ಹಸಿರುಮನೆಯಲ್ಲಿ ಟೊಮೆಟೊ ಕೀಳುತ್ತಿದ್ದ. ಮಾಲೀಕ ಒಳ್ಳೆಯವನು, ಒಂದು ಮಾತು ಹೇಳಿದರೆ ಸರಿಹೋಗುತ್ತದೆ ಎಂದು ನಾನೂ ಫೋನು ಮಾಡಿದೆ. ಮರುದಿನ ಬೆಳಿಗ್ಗೆ ಹೋದರೆ ಆತನ ಹಾಸಿಗೆ ಖಾಲಿ. ಊರಿಗೆ ಕಳಿಸಿಬಿಟ್ಟಿದ್ದರು. ಆ ಮೇಲೆ ನನಗೆ ಆತ ಸಿಕ್ಕಿಲ್ಲ."

ನೋಟ್‌ಬುಕ್ ಮುಚ್ಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ವಿಚಿತ್ರವೆನಿಸಿತು.

"ನಿಮ್ಮ ಕಡೆ ಹೆಂಗಸೊಬ್ಬಳು ಮನೆ ಬಿಟ್ಟು ದೂರ ಹೊರಟಾಗ ಏನು ಮಾಡುತ್ತೀರಿ? ಯಾರೂ ಬೇಡ ಅನ್ನಲಾಗದಂಥದ್ದು ಏನಾದರೂ ಇದೆಯೇ?"

ಉಡಿ ತುಂಬುತ್ತೇವೆ ಎಂದೆ. ಹೊರಟವಳು ಸೆರಗು ಒಡ್ಡುತ್ತಾಳೆ. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಕುಬಸದ ಖಣ ಹಾಕಿ ಕಳಿಸುತ್ತೇವೆ. ಉಡಿ ತುಂಬಿದ ಮೇಲೆ ಅವಳು ಹೊಸ್ತಿಲು ದಾಟುವುದನ್ನು ಯಾರೂ ತಡೆಯುವುದಿಲ್ಲ.

"ನೀವು ತುಂಬುತ್ತೀರಾ?"

"ನಾನು ಗಂಡ ಸತ್ತವಳು. ನಾನು ತುಂಬುವ ಹಾಗಿಲ್ಲ. ಮನೆಯ ಮುತ್ತೈದೆಯೇ ತುಂಬಬೇಕು." ಈ ನೇಮವನ್ನು ನಾನು ಜೀವಮಾನವಿಡೀ ದ್ವೇಷಿಸಿದ್ದೇನೆ. ಗೀತಾಳ ಮದುವೆಯಲ್ಲಿ ಇದಕ್ಕಾಗಿ ಕೂಗಾಡಿ ಅರ್ಧ ಬಳಗದ ಜೊತೆ ಮಾತು ಬಿಟ್ಟಿದ್ದೇನೆ. ಆ ದಿನ ಅದೇ ನೇಮ ನನ್ನ ಕೈಗೆ ಒದಗಿತು: ಉಡಿ ತುಂಬುವ ನೆಪದಲ್ಲಿ ವೈನಿ, ಶಾಂತವ್ವ ಇಬ್ಬರೂ ತೆರೆದ ಬಾಗಿಲ ಹತ್ತಿರ ಬರಲೇಬೇಕು.

"ಪಾಸ್‌ಪೋರ್ಟು?" ಎಂದೆ.

"ಮೊದಲು ಕಾಲು ಹೊರಗೆ ಬರಲಿ, ಕಾಗದ ಆಮೇಲೆ. ಅದಿಲ್ಲದೆ ಬಹಳ ಕಷ್ಟವಾಗುತ್ತದೆ, ಆದರೂ ಆಮೇಲೆ," ಎಂದರು ಮಾರ್ತಾ.

ಜೆರಾರ್ಡ್ ಇಂಡಿಯಾ ಬಜಾರ್

ಗುಳೇದಗುಡ್ಡದ ಖಣ ನನ್ನ ಪೆಟ್ಟಿಗೆಯಲ್ಲೇ ಇತ್ತು, ಯಾರಿಗಾದರೂ ಕೊಡಲೆಂದು ತಂದದ್ದು. ಉಳಿದದ್ದನ್ನು ತರಲು ಶನಿವಾರ ಜೆರಾರ್ಡ್ ಬೀದಿಗೆ ಹೋದೆ. ಗಾಬರಿಯಲ್ಲಿ ಟ್ರಾಮನ್ನು ಉಲ್ಟಾ ದಿಕ್ಕಿಗೆ ಹತ್ತಿ ಅರ್ಧ ಊರು ಸುತ್ತಿದೆ. ಬ್ರ್ಯಾಂಪ್ಟನ್ನಿನಲ್ಲೇ ಎಲ್ಲ ಸಿಗುತ್ತಿತ್ತೆಂದು ಗೀತಾ ಆಮೇಲೆ ಬೈದಳು. ನಿಜವೇ, ಆದರೆ ಮನೆಯಲ್ಲಿ ಕೂತಿರಲು ನನ್ನಿಂದ ಆಗುತ್ತಿರಲಿಲ್ಲ.

ಅಂಗಡಿಯ ಅಜ್ಜಿ ಹಿಂದಿಯಲ್ಲಿ ಶಾದಿಯೇ ಎಂದು ಕೇಳಿದಳು. ಅಲ್ಲ, ಒಬ್ಬಳು ಊರಿಗೆ ಹೊರಟಿದ್ದಾಳೆ ಎಂದೆ. "ಫಿರ್ ತೋ ಅಚ್ಛಾ ವಾಲಾ ಲೇ ಜಾಓ ಬೆಹೆನ್," ಎಂದು, ಅಂದರೆ ಒಳ್ಳೆಯದನ್ನೇ ಒಯ್ಯಿ ತಂಗಿ ಎಂದು, ಮುರಿಯದ ಕೊಬ್ಬರಿ ಬಟ್ಟಲನ್ನು ಹುಡುಕಿ ಕೊಟ್ಟಳು. ನನಗೆ ಅಲ್ಲೇ ಅಳು ಬಂತು. ಅಜ್ಜಿ ಏನೂ ಕೇಳದೆ ಒಂದು ಲೋಟ ನೀರು ಮುಂದಿಟ್ಟಳು.

ಸ್ಟೌಫ್‌ವಿಲ್: ಬಾಗಿಲು

ಭಾನುವಾರ ಬೆಳಿಗ್ಗೆ ಹನ್ನೊಂದು. ವ್ಯಾನಿನಲ್ಲಿ ದಾರಿಯುದ್ದಕ್ಕೂ ಮಾರ್ತಾ ಒಂದೇ ಮಾತು ಹೇಳಿದ್ದರು: "ನಾನು ಒಳಗೆ ಬರುವುದಿಲ್ಲ. ಒಳಗೆ ಬಂದರೆ ಅತಿಥಿಯಾಗುತ್ತೇನೆ, ಅತಿಥಿಗೆ ಬಾಯಿ ಕಟ್ಟುತ್ತದೆ." ನಾನು ಆ ಮನೆಯಲ್ಲಿ ಉಂಡವಳು. ನನ್ನ ಬಾಯಿ ಆಗಲೇ ಅರ್ಧ ಕಟ್ಟಿತ್ತು.

ಡಾಕ್ಟರೇ ಬಾಗಿಲು ತೆರೆದರು. ನನ್ನನ್ನು ನೋಡಿ ಅರಳಿದ ಮುಖ ನನ್ನ ಹಿಂದಿನ ಬಿಳಿ ಪಟ್ಟಿಯನ್ನು ನೋಡಿ ಗಂಟಾಯಿತು.

"ಇವ್ರ ಯಾರು?"

"ಗೀತಾನ ಮನ್ಯಾಗ ಇರೂ ಪಾಸ್ಟರು. ವ್ಯಾನ್ ಇವರದ."

"ಪ್ಲೀಸ್ ಕಮ್ ಇನ್, ಇಟ್ಸ್ ಕೋಲ್ಡ್."

"ಧನ್ಯವಾದ, ಇಲ್ಲೇ ಸರಿ," ಎಂದರು ಮಾರ್ತಾ, ಡೋರ್‌ಮ್ಯಾಟಿನ ಮೇಲೆ ಎರಡೂ ಕಾಲು ಊರಿ. ಅವರು ಅಲ್ಲಿ ನಿಂತಿದ್ದರಿಂದ ಬಾಗಿಲು ಹಾಕುವಂತಿರಲಿಲ್ಲ. ಆ ದೇಶದಲ್ಲಿ ಚಳಿಗಾಲದಲ್ಲಿ ತೆರೆದ ಬಾಗಿಲೆಂದರೆ ಮನೆಗೆ ಕಳ್ಳ ನುಗ್ಗಿದಷ್ಟು ಸಂಕಟ. ಕೆಳಗೆ ಎಲ್ಲೋ ಹೀಟರು ಗುಡುಗುಡು ಶುರುವಾಯಿತು. ಎದುರು ಮನೆಯವನು ಮೆಟ್ಟಿಲಿಗೆ ಉಪ್ಪು ಎರಚುವುದನ್ನು ನಿಲ್ಲಿಸಿ ಇತ್ತ ನೋಡಿದ.

ನಾನು ಗಂಟು ಬಿಚ್ಚಿದೆ. "ಅಣ್ಣಾರ, ಶಾಂತವ್ವಗ ಉಡಿ ತುಂಬದ ಕಳಸ್ತೀರೇನು? ಇಷ್ಟ ದಿನಾ ನಿಮ್ಮ ತಾಯಿ ಸೇವಾ ಮಾಡ್ಯಾಳ. ಊರಾಗ ಮಂದಿ ಏನಂದಾರು?"

ಕನ್ನಡದವರ ಕೂಟಗಳಲ್ಲಿ ಸಂಸ್ಕೃತಿಯ ಬಗ್ಗೆ ಭಾಷಣ ಮಾಡುವವರು ಅವರು. ಮಾರ್ತಾ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. "ಹಾಂ, ಆಫ್‌ಕೋರ್ಸ್. ಅವರ್ ಟ್ರೆಡಿಶನ್. ಲಗೂನ ಮುಗಸ್ರಿ, ಬಾಗಲಾ ಹಾಕಬೇಕು."

ವೈನಿ ಕುಂಕುಮದ ಭರಣಿ ತರಲು ಮಹಡಿಯ ದೇವರ ಕೋಣೆಗೆ ಹೋದರು. ಬಹಳ ಹೊತ್ತಾಯಿತು. ಡಾಕ್ಟರು ಎರಡು ಸಲ ಕೂಗಿದರು. ಶಾಂತವ್ವ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸುತ್ತ ನಿಂತಿದ್ದಳು, ಉಟ್ಟದ್ದು ಸೀರೆ, ಅದರ ಮೇಲೆ ಹಳೆಯ ಸ್ವೆಟರು. ನನ್ನನ್ನು ನೋಡುತ್ತಿರಲಿಲ್ಲ. ನಾನು ಮಾಡಿದ್ದು ಅವಳಿಗೆ ಗೊತ್ತಾಗಿತ್ತು.

ವೈನಿ ಇಳಿದು ಬಂದರು. ತೋಳಿನ ಮೇಲೆ ಮಡಿಸಿದ ಇನ್ನೊಂದು ಕುಬಸದ ಬಟ್ಟೆ. "ನಂದೂ ಒಂದಿರಲಿ," ಎಂದು ಯಾರ ಮುಖವನ್ನೂ ನೋಡದೆ ಹೇಳಿದರು. ಶಾಂತವ್ವ ಸೆರಗು ಒಡ್ಡಿದಳು. ಕುಂಕುಮ ಹಚ್ಚಿ, ವೈನಿ ಐದು ಬೊಗಸೆ ಅಕ್ಕಿ ಹಾಕುವಾಗ ಒಂದಿಷ್ಟು ಕಾಳು ನೆಲಕ್ಕೆ ಚೆಲ್ಲಿತು. ಕೊಬ್ಬರಿ, ಉತ್ತತ್ತಿ, ಅರಿಷಿಣ, ನನ್ನ ಖಣ, ಅವರ ಬಟ್ಟೆ. ತಾವೇ ಸೆರಗನ್ನು ಬಿಗಿಯಾಗಿ ಗಂಟು ಹಾಕಿ ಶಾಂತವ್ವನ ಸೊಂಟಕ್ಕೆ ಸಿಕ್ಕಿಸಿದರು. ಶಾಂತವ್ವ ಕಾಲು ಮುಟ್ಟಿ ಎದ್ದಳು.

ಆಗ ಮಾರ್ತಾ ಹೊಸ್ತಿಲ ಆಚೆಯಿಂದಲೇ ಮಾತಾಡಿದರು. ನಾನು ಕನ್ನಡದಲ್ಲಿ ಹೇಳಬೇಕಿತ್ತು. ದನಿ ನನ್ನದಲ್ಲವೇನೋ ಅನ್ನಿಸುತ್ತಿತ್ತು.

"ಶಾಂತವ್ವಾ, ಇವ್ರ ಕೇಳಾಕತ್ತಾರ. ನಿನಗ ಈ ಮನೀ ಬಿಟ್ಟ ಹೋಗಬೇಕಂತೈತೇನು? ಇವತ್ತ, ಈಗ, ಇವರ ಜೋಡಿ?"

"ವಾಟ್ ಈಸ್ ದಿಸ್? ಸರೋಜಾ!" ಡಾಕ್ಟರು ನನ್ನತ್ತ ತಿರುಗಿದರು. ಆ ಮುಖವನ್ನು ನಾನು ಮೊದಲು ನೋಡಿರಲಿಲ್ಲ.

ಶಾಂತವ್ವ ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಮಾರ್ತಾ ಅವಸರ ಮಾಡಲಿಲ್ಲ. ಹೀಟರು ಗುಡುಗುಡು ಓಡುತ್ತಲೇ ಇತ್ತು. ಗಣಿತದ ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಮಗುವಿನ ಹಾಗೆ ನಾನು ನೆಲದ ಮೇಲಿನ ಅಕ್ಕಿಯನ್ನೇ ನೋಡುತ್ತಿದ್ದೆ.

"ಹೋಗ್ತೀನ್ರಿ," ಎಂದಳು.

"ಎಲ್ಲಿಗೆ ಹೋಗ್ತಿ? ನಾಳೆ ಫ್ಲೈಟ್ ಐತಿ. ನಿನ್ನ ಪಾಸ್‌ಪೋರ್ಟು ನನ್ನ ಕಡೆ ಐತಿ, ಅದು ಇಲ್ಲದ ನಿನ್ನನ್ನ ಯಾರ ಇಟಗೋತಾರ? ನಾಯಿನೂ ಕೇಳೂದಿಲ್ಲ."

"ಸರ್, ಅದು ಅವರದು. ದಯವಿಟ್ಟು ಕೊಡಿ," ಎಂದರು ಮಾರ್ತಾ, ಪಾಸ್‌ಪೋರ್ಟು ಎಂಬ ಶಬ್ದ ಕೇಳಿ.

"ಏರ್‌ಪೋರ್ಟಿನಲ್ಲಿ ಕೊಡುತ್ತೇನೆ. ನನಗೆ ಕಾನೂನು ಕಲಿಸಬೇಡಿ, ನೀವು ಈ ದೇಶಕ್ಕೆ ಬರುವುದಕ್ಕಿಂತ ಮೊದಲೇ ಬಂದವನು ನಾನು," ಎಂದರು ಡಾಕ್ಟರು ಇಂಗ್ಲಿಷಿನಲ್ಲಿ.

ಮಾರ್ತಾ ಶಾಂತವ್ವನನ್ನೇ ನೋಡಿ ಮತ್ತೆ ಕೇಳಿದರು, ನಾನು ಮತ್ತೆ ಹೇಳಿದೆ. "ಪಾಸ್‌ಪೋರ್ಟ್ ಇಲ್ಲದ ಭಾಳ ತ್ರಾಸ ಆಗತೈತಿ, ಮೊದಲ ಹೇಳಾಕತ್ತಾರ. ಹಂಗಿದ್ರೂ ಬರ್ತೀಯೇನು?"

ಶಾಂತವ್ವ ಒಂದು ಕೈಯಲ್ಲಿ ಉಡಿ ಹಿಡಿದು, ಇನ್ನೊಂದು ಕೈಯಲ್ಲಿ ಮೂಲೆಯ ಚಪ್ಪಲಿ ಎತ್ತಿಕೊಂಡಳು. ಡಾಕ್ಟರು ಒಂದು ಹೆಜ್ಜೆ ಮುಂದೆ ಬಂದರು. ಆಗ ವೈನಿ ಅವರ ತೋಳು ಹಿಡಿದರು.

"ಉಡಿ ತುಂಬಿದ ಮ್ಯಾಲ ತಡೀಬಾರದ್ರಿ," ಎಂದರು. ಅವರು ಗಂಡನಿಗೆ ಎದುರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಮಾತು.

ಶಾಂತವ್ವ ಹೊಸ್ತಿಲು ದಾಟಿದಳು. ಮಾರ್ತಾ ತಮ್ಮ ಕಿತ್ತಳೆ ಮೇಲಂಗಿಯನ್ನು ತೆಗೆದು ಅವಳಿಗೆ ಹೊದಿಸಿದರು. ನಾನು ಡಾಕ್ಟರಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. "ನೀ ಇನ್ನ ಈ ಮನಿಗೆ ಬರಬ್ಯಾಡ," ಎಂದರು. ಬಾಗಿಲು ಮುಚ್ಚಿತು.

ಸ್ಟೌಫ್‌ವಿಲ್: ಪ್ಲಾಜಾದ ಪಾರ್ಕಿಂಗು

ಎರಡು ಸಿಗ್ನಲ್ ದಾಟಿ ಒಂದು ಪ್ಲಾಜಾದಲ್ಲಿ ಮಾರ್ತಾ ವ್ಯಾನು ನಿಲ್ಲಿಸಿದರು. ಎಂಜಿನ್ ಆರಿಸಿದ ಮೇಲೂ ಸ್ಟಿಯರಿಂಗನ್ನು ಬಿಡದೆ ಹಿಡಿದೇ ಕೂತರು. ಅಷ್ಟು ಹೊತ್ತು ಕಲ್ಲಿನ ಹಾಗೆ ನಿಂತವರಿಗೂ ಹೆದರಿಕೆ ಇತ್ತೆಂದು ಆಗಲೇ ನನಗೆ ಗೊತ್ತಾದದ್ದು.

ನಾನು ಹಿಂದಕ್ಕೆ ತಿರುಗಿ ಶಾಂತವ್ವನ ಕೈ ಹಿಡಿದೆ. "ತಪ್ಪಾತವಾ. ನಾನ ಫೋನ್ ಮಾಡಿ ನಿನ್ನ ಸಿಗಿಸಿದೆ."

"ಹೌದ್ರಿ," ಎಂದಳು. ಇಲ್ಲ ಬಿಡ್ರಿ ಅನ್ನಲಿಲ್ಲ. ಅದು ಸರಿಯಾಗಿಯೇ ಇತ್ತು. ಆಮೇಲೆ ಹೊಟ್ಟೆಯ ಹತ್ತಿರ ಕೈಯಿಟ್ಟು ಮುಖ ಕಿವುಚಿದಳು. "ಅಕ್ಕಾರ, ಇದರಾಗ ಏನೋ ಚುಚ್ಚಾಕತ್ತೈತಿ."

ಗಂಟು ಬಿಚ್ಚಿದಳು. ಅಕ್ಕಿ, ಕೊಬ್ಬರಿ, ಗುಳೇದಗುಡ್ಡದ ಖಣ. ಜೊತೆಗೆ ವೈನಿಯ ಬಟ್ಟೆ, ನಾಲ್ಕು ಮಡಿಕೆ. ಮಡಿಕೆಯೊಳಗೆ ಕಡು ನೀಲಿ ಬಣ್ಣದ ಪಾಸ್‌ಪೋರ್ಟು. ಶಾಂತವ್ವ ತೆರೆದು ತನ್ನ ಫೋಟೋ ನೋಡಿದಳು, ಮುಚ್ಚಿದಳು, ಮತ್ತೆ ತೆರೆದಳು. ಹಾಳೆಗಳ ನಡುವಿನಿಂದ ಕುಂಕುಮ ಹತ್ತಿದ ಒಂದು ಅಕ್ಕಿಕಾಳು ಅವಳ ತೊಡೆಯ ಮೇಲೆ ಬಿತ್ತು. ಆಮೇಲೆ ಅವಳು ದೊಡ್ಡ ದನಿ ತೆಗೆದು ಅತ್ತಳು, ನಾನೂ ಅತ್ತೆ.

ಮಾರ್ತಾ ನೋಟ್‌ಬುಕ್ ತೆಗೆದು ಶಾಂತವ್ವನ ಹೆಸರಿನ ಮುಂದೆ ಒಂದು ಸಣ್ಣ ಗುರುತು ಹಾಕಿದರು. ಪುಟವನ್ನು ಮುಚ್ಚಲಿಲ್ಲ.

"ಆಕೆಯ ಹೆಸರೇನು?" ಎಂದು ನನ್ನನ್ನು ಕೇಳಿದರು.

"ಯಾರದು?"

"ಇದನ್ನು ಕೊಟ್ಟವರದು. ಈಗ ಆ ಮನೆಯಲ್ಲಿ ಡಾಕ್ಟರ ಜೊತೆ ಅವರೊಬ್ಬರೇ ಇದ್ದಾರೆ."

ವೈನಿ ಎಂದೆ. ಅದು ಹೆಸರೇ ಎಂದು ಕೇಳಿದರು. ಅಲ್ಲ, ಅಣ್ಣನ ಹೆಂಡತಿ ಎಂದರ್ಥ. ಇಷ್ಟು ವರ್ಷಗಳಲ್ಲಿ ನಾನು ಅವರನ್ನು ಬೇರೆ ಏನೂ ಕರೆದಿರಲಿಲ್ಲ. ಶಾಂತವ್ವನನ್ನು ಕೇಳಿದೆ. "ನಾ ಅಮ್ಮಾರ ಅಂತಿದ್ದೆ ನೋಡ್ರಿ. ಸಾಹೇಬ್ರು ಏ, ಬಾ ಇಲ್ಲೆ ಅಂತಿದ್ರು." ಗೀತಾಳಿಗೆ ಫೋನು ಹಚ್ಚಿ ಕೇಳಿದೆ. "ಯಾರು, ಡಾಕ್ಟರ್ ಆಂಟಿನಾ? ಹೆಸರು ಗೊತ್ತಿಲ್ಲ ದೊಡ್ಡವ್ವ, ಯಾಕ? ವಾಟ್ ಹ್ಯಾಪನ್ಡ್?"

ಮಾರ್ತಾ ನಗಲಿಲ್ಲ, ನನ್ನನ್ನು ತಿದ್ದಲೂ ಇಲ್ಲ. ಹೊಸ ಸಾಲಿನಲ್ಲಿ ಆ ಮನೆಯ ನಂಬರು ಬರೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟರು.

ಮುಂದಿನ ಭಾನುವಾರ ನಾನೇ ಹೋಗಿ ಕೇಳಿಕೊಂಡು ಬರುತ್ತೇನೆ ಎಂದೆ. ಒಳಗೆ ಬಿಡುವುದಿಲ್ಲ ಎಂದು ಗೊತ್ತಿತ್ತು.

ಶಾಂತವ್ವ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ಚೆಲ್ಲಿದ ಅಕ್ಕಿಯನ್ನು ಒಂದೊಂದಾಗಿ ಸೀಟಿನಿಂದ ಆರಿಸಿ ಮತ್ತೆ ಉಡಿಗೆ ಹಾಕಿಕೊಳ್ಳುತ್ತಿದ್ದಳು.

"ನಾನೂ ಬರ್ತೀನ್ರಿ ಅಕ್ಕಾರ," ಎಂದಳು. "ಒಳಗ ಹೋಗೂದಿಲ್ಲ. ಹೊಸ್ತಿಲದ ಹೊರಗ ನಿಂದರ್ತೀನಿ."